ದೊಡ್ಡಯ್ಯ ಮೇಷ್ಟ್ರ ಹೆಸರು

ಹರದನಹಳ್ಳಿ
12 ಆಗಸ್ಟ್ 2024

ಪ್ರೀತಿಯ ಲತಾ,

ಅಕ್ಷರ ನೋಡಿ ಯಾರೆಂದು ಗುರುತು ಸಿಗದಿದ್ದರೆ ತಪ್ಪಿಲ್ಲ, ಮೂವತ್ತೊಂಬತ್ತು ವರ್ಷವಾಯಿತು. ನಾನು ನಂಜಮ್ಮ. ಹೊಳೆನರಸೀಪುರದ ಕಲ್ಲುಶಾಲೆಯಲ್ಲಿ ಮೂರು ವರ್ಷ ನಿನ್ನ ಪಕ್ಕದಲ್ಲಿ ಕೂತವಳು, ಮೈದಾನದಲ್ಲಿ ನಿನಗಿಂತ ಎರಡು ಹೆಜ್ಜೆ ಮುಂದೆ ಓಡುತ್ತಿದ್ದವಳು. ಇದನ್ನು ಓದಿ ಸಿಟ್ಟು ಬಂದಿದ್ದರೆ ಗುರುತು ಸಿಕ್ಕಿದೆ ಅಂತ ಅರ್ಥ.

ಮದುವೆಯಾಗಿ ಹರದನಹಳ್ಳಿಗೆ ಬಂದವಳು ಇಲ್ಲೇ ಇದ್ದೇನೆ. ಇಪ್ಪತ್ತಾರು ವರ್ಷದಿಂದ ಊರಿನ ಬ್ರಾಂಚ್ ಪೋಸ್ಟಾಫೀಸು ನೋಡಿಕೊಳ್ಳುತ್ತಿದ್ದೇನೆ. ಯಜಮಾನರು ಮಂಜುನಾಥ, ಬೇಸಾಯ. ಮಗಳು ಧನ್ಯಾ ಹಾಸನದಲ್ಲಿ ನರ್ಸು. ನನಗೆ ಯಾವುದಕ್ಕೂ ಕೊರತೆಯಿಲ್ಲ, ಮಂಡಿನೋವು ಒಂದು ಬಿಟ್ಟರೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಗೆ ಈ ಸಲ ನೂರಿಪ್ಪತ್ತೈದು ವರ್ಷ. ಫೆಬ್ರವರಿಯಲ್ಲಿ ಸಮಾರಂಭ ಇದೆ, ಅದಕ್ಕೊಂದು ಸ್ಮರಣ ಸಂಚಿಕೆ. ನಮಗಿಂತ ಎರಡು ವರ್ಷ ಹಿಂದಿದ್ದ ಪರಮೇಶ್, ಈಗ ಪೇಟೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದಾನಲ್ಲ, ಅವನೇ ಕಾರ್ಯದರ್ಶಿ. ಅಂಚೆಯವಳಿಗೆ ವಿಳಾಸ ಹುಡುಕುವುದು ಗೊತ್ತು ಅಂತ ನನ್ನನ್ನೂ ಸಮಿತಿಗೆ ಎಳೆದುಕೊಂಡ. 'ಶಾಲೆಯ ಹೆಸರಾಂತ ಹಳೆಯ ವಿದ್ಯಾರ್ಥಿಗಳು' ಅಂತ ಹನ್ನೊಂದು ಜನರ ಪಟ್ಟಿ ಆಗಿದೆ. ಒಬ್ಬರು ಜಡ್ಜು, ಒಬ್ಬರು ರಾಗಿ ತಳಿಯ ವಿಜ್ಞಾನಿ, ಒಬ್ಬರು ಸೈನ್ಯದಲ್ಲಿ ಕರ್ನಲ್. ಹೆಂಗಸರು ಇಬ್ಬರೇ, ಅದರಲ್ಲಿ ನೀನೊಬ್ಬಳು. ನೀನು ರಾಷ್ಟ್ರಮಟ್ಟದಲ್ಲಿ ಓಡಿದ್ದು, ರೈಲ್ವೆ ತಂಡದ ಕೋಚ್ ಆಗಿದ್ದು, ರಾಜ್ಯ ಸರ್ಕಾರದ ಪ್ರಶಸ್ತಿ ಬಂದದ್ದು ಎಲ್ಲ ಬರೆದಿಟ್ಟಿದ್ದೇವೆ. ನಿನ್ನ ಕೈಯಿಂದಲೇ ಎರಡು ಪುಟದ ನೆನಪು ಬೇಕು. ಅಕ್ಟೋಬರ್ ಕೊನೆಗೆ ಪ್ರೆಸ್ಸಿಗೆ ಹೋಗುತ್ತದೆ.

ಗುರುಗಳ ಪುಟದಲ್ಲಿ ಪರಮೇಶ್ ದೊಡ್ಡಯ್ಯ ಮೇಷ್ಟ್ರ ಹೆಸರನ್ನೂ ಬರೆದಿದ್ದ. ನಾನು ಹೊಡೆದುಹಾಕಿಸಿದೆ. "ಯಾಕಕ್ಕಾ? ಡ್ರಿಲ್ ಮೇಷ್ಟ್ರು ಅಂದ್ರೆ ಅವ್ರೇ ಅಲ್ವಾ?" ಅಂದ. "ಲತಾನೂ ಬ್ಯಾಡ ಅಂತಾಳೆ, ಬೇಕಾರೆ ಕೇಳು" ಅಂದೆ. ನಿನ್ನ ಪರವಾಗಿ ನಾನೇ ಮಾತು ಕೊಟ್ಟುಬಿಟ್ಟಿದ್ದೇನೆ, ಬೇಜಾರಿಲ್ಲ ತಾನೇ?

ಫೋನ್ ನಂಬರೂ ಸಿಕ್ಕಿತ್ತು. ಆದರೆ ಇಷ್ಟು ವರ್ಷ ಮಾತಾಡದವರು ಹಲೋ ಅಂದ ಮೇಲೆ ಏನು ಮಾತಾಡುವುದು? ಕಾಗದವೇ ಬರಿ. ನಮ್ಮ ಆಫೀಸಿಗೆ ಈಗ ಬರುವುದೆಲ್ಲ ಬ್ಯಾಂಕಿನ ನೋಟೀಸುಗಳೇ.

ನಿನ್ನ
ನಂಜಿ

———

ಹುಬ್ಬಳ್ಳಿ
2 ಸೆಪ್ಟೆಂಬರ್ 2024

ಪ್ರಿಯ ನಂಜಿ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ದಿನಾ ತೆಗೆದು ಓದಿ ಮತ್ತೆ ಇಡುತ್ತಿದ್ದೇನೆ. ನೀನು ಚೆನ್ನಾಗಿದ್ದೀಯೆಂದು ತಿಳಿದು ಸಂತೋಷವಾಯಿತು. ಮಗಳ ಹೆಸರು ಧನ್ಯಾ ಎಂದು ಇಟ್ಟಿದ್ದೀಯಲ್ಲ, ಚೆಂದದ ಹೆಸರು.

ನನ್ನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬೆಳಿಗ್ಗೆ ಐದೂವರೆಗೆ ಮೈದಾನ, ಹತ್ತಕ್ಕೆ ಆಫೀಸು, ಸಂಜೆ ಮತ್ತೆ ಮೈದಾನ. ಹೆಣ್ಣುಮಕ್ಕಳನ್ನು ಓಡಿಸುತ್ತೇನೆ. ಮಗ ರಜನೀಶ್ ಬೆಳಗಾವಿಯಲ್ಲಿ ಓದುತ್ತಿದ್ದಾನೆ.

ನಂಜಿ, ಆ ಪಟ್ಟಿಯಿಂದ ನನ್ನ ಹೆಸರು ಬಿಟ್ಟುಬಿಡು. ಲೇಖನ ಬರೆಯಲು ನನ್ನ ಕೈಲಾಗುವುದಿಲ್ಲ. ಹನ್ನೊಂದರಲ್ಲಿ ಒಂದು ಕಮ್ಮಿಯಾದರೆ ಶಾಲೆಗೆ ನಷ್ಟವಿಲ್ಲ.

ಮೇಷ್ಟ್ರ ಹೆಸರನ್ನು ಮಾತ್ರ ತೆಗೆಸಬೇಡ. ಅವರು ಈಗ ಬದುಕಿಲ್ಲವೆಂದು ಯಾರೋ ಹೇಳಿದರು. ತೀರಿಹೋದವರ ಮೇಲೆ ಇಷ್ಟು ವರ್ಷದ ಮೇಲೂ ಏನು ಕೋಪ? ಮತ್ತೆ ಸೇರಿಸಲು ಪರಮೇಶ್‌ಗೆ ಹೇಳು. ನನ್ನ ಮಾತೆಂದೇ ಹೇಳು.

ಲತಾ

———

ಹರದನಹಳ್ಳಿ
10 ಸೆಪ್ಟೆಂಬರ್ 2024

ಪ್ರೀತಿಯ ಲತಾ,

ನೀನು ಮೊದಲಿಂದಲೂ ಹೀಗೇ. ಬಹುಮಾನಕ್ಕೆ ಹೆಸರು ಕರೆದರೆ ಕಂಬದ ಹಿಂದೆ ನಿಲ್ಲುತ್ತಿದ್ದೆ. ದೊಡ್ಡವಳಾದ ಮೇಲೂ ಆ ಸಂಕೋಚ ಹೋಗಿಲ್ಲ ನೋಡು. ಹೆಸರು ಬಿಡುವ ಮಾತು ಎತ್ತಬೇಡ. ಪರಮೇಶ್ ನಿನ್ನ ಫೋಟೋವನ್ನು ಆಗಲೇ ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದಾನೆ.

ಇನ್ನು ಮೇಷ್ಟ್ರ ವಿಷಯ. ನಿನಗೆ ಮರೆತಿದೆಯೋ, ಮರೆತ ಹಾಗೆ ಇರುವುದು ಒಳ್ಳೆಯದು ಅನ್ನಿಸಿದೆಯೋ ತಿಳಿಯದು. ನನಗೆ ಮರೆತಿಲ್ಲ.

ಎಂಬತ್ತೈದನೇ ಇಸವಿ, ಹಾಸನದ ಮೈದಾನ, ಜಿಲ್ಲಾ ಮಟ್ಟದ ಎಂಟುನೂರು ಮೀಟರ್. ನಾವಿಬ್ಬರೂ ಫೈನಲಿನಲ್ಲಿದ್ದೆವು. ಕಾಲಿಗೆ ಸುಣ್ಣದ ಗೆರೆ ತಾಗುವ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಕೈಯಲ್ಲೊಂದು ಕಾಗದ ಹಿಡಿದ ಅಧಿಕಾರಿ ಬಂದು ನನ್ನನ್ನು ಈಚೆಗೆ ಕರೆದ. ಶಾಲೆಯ ದಾಖಲೆಯಲ್ಲಿ ನಾನು ಹುಟ್ಟಿದ್ದು ಎಪ್ಪತ್ತು, ನಿಜವಾಗಿ ಅರವತ್ತೊಂಬತ್ತು, ಹದಿನಾರರ ಒಳಗಿನ ಓಟಕ್ಕೆ ನನ್ನನ್ನು ಸೇರಿಸಿದ್ದು ಮೋಸ ಅಂತ ಮೂಕರ್ಜಿ ಬಂದಿತ್ತು. ಬರೆದವರ ಹೆಸರಿಲ್ಲ. ಅಪ್ಪ ಶಾಲೆಗೆ ಸೇರಿಸುವಾಗ ಅಂದಾಜಿಗೆ ಹೇಳಿದ ವರ್ಷ ಅದು. ಇಡೀ ಭೂಮಿ ಮೇಲೆ ಆ ವಿಷಯ ಗೊತ್ತಿದ್ದವರು ಮೂವರು. ನಮ್ಮವ್ವ, ಮೇಷ್ಟ್ರು, ನೀನು. ಅವ್ವ ಹೇಳುವವಳಲ್ಲ. ನೀನೋ, ನನ್ನ ಜೀವ.

ಅಧಿಕಾರಿ ಮೇಷ್ಟ್ರನ್ನು ಕರೆದು "ನಿಮಗೆ ಗೊತ್ತಿತ್ತೇನ್ರೀ?" ಅಂದ. ಮೇಷ್ಟ್ರು "ಗೊತ್ತಿತ್ತು ಸಾ" ಅಂದರು. ಅಷ್ಟೇ. ತಲೆ ಕೂಡ ಎತ್ತಲಿಲ್ಲ. ನಾನು ಗ್ಯಾಲರಿಯ ಹಿಂದಕ್ಕೆ ಓಡಿಹೋದೆ. ನೀನು ಗೆದ್ದದ್ದು ಕೇಳಿಸಿತು, ನೋಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಕೂತಿದ್ದವಳು ನೀನು.

ಊರಿನಲ್ಲಿ ಎಲ್ಲರೂ ಕಳ್ಳವಯಸ್ಸಿನವಳು ಅಂದರು. ಅಪ್ಪ ಶಾಲೆ ಬಿಡಿಸಿದ. ಮುಂದಿನ ವರ್ಷ ಮದುವೆ. ಅಲ್ಲಿಗೆ ಓಟ ಮುಗಿಯಿತು.

ಮೇಷ್ಟ್ರು ಆಮೇಲೆ ನನಗೆ ಮೂರು ಸಲ ಕಾಗದ ಹಾಕಿದರು. ಮೊದಲನೆಯದು ಎರಡು ಸಾವಿರದ ಮೂರರಲ್ಲಿ. ಅವರ ಊರು ಹಿರೀಸಾವೆಯ ಮೊಹರು, ಹಿಂದೆ ಅವರ ಹೆಸರು. ಒಡೆಯಲಿಲ್ಲ. ಮೇಲೆ ಕೆಂಪು ಶಾಯಿಯಲ್ಲಿ 'ಪಡೆಯಲು ನಿರಾಕರಿಸಿದ್ದಾರೆ' ಅಂತ ಬರೆದು, ನಾನೇ ಮೊಹರು ಒತ್ತಿ ವಾಪಸು ಕಳಿಸಿದೆ. ಮೂರಕ್ಕೂ ಹಾಗೇ ಮಾಡಿದೆ. ನಾಲ್ಕು ವರ್ಷದ ಹಿಂದೆ ಅವರ ತಿಥಿಯ ಕಾಗದ ಈ ಊರಿನ ಯಾರಿಗೋ ಬಂತು. ತಲುಪಿಸಿದೆ, ಹೋಗಲಿಲ್ಲ. ಸರಿಯಾಗಿಯೇ ಮಾಡಿದ್ದೇನೆ ಅನ್ನಿಸುತ್ತದೆ. ನೀನೇನಂತಿ?

ಲೇಖನ ಬೇಗ ಕಳಿಸು.

ನಂಜಿ

———

ಹರದನಹಳ್ಳಿ
21 ಅಕ್ಟೋಬರ್ 2024

ಲತಾ,

ಒಂದೂವರೆ ತಿಂಗಳಾಯಿತು, ನಿನ್ನಿಂದ ಸುದ್ದಿಯಿಲ್ಲ. ನನ್ನ ಕಾಗದದಲ್ಲಿ ಏನಾದರೂ ಒರಟಾಗಿ ಬರೆದಿದ್ದೇನೆಯೇ? ನೀನು ಗೆದ್ದದ್ದರ ಬಗ್ಗೆ ನನಗೆ ಹೊಟ್ಟೆಕಿಚ್ಚು ಅಂತ ತಿಳಿದೆಯಾ? ಇಲ್ಲ ಕಣೆ. ನೀನು ಪೇಪರಿನಲ್ಲಿ ಬಂದಾಗಲೆಲ್ಲ ಯಜಮಾನರಿಗೆ ತೋರಿಸಿ "ಇವ್ಳು ನನ್ ಹಿಂದೆ ಓಡ್ತಿದ್ಲು" ಅಂತ ಜಂಬ ಕೊಚ್ಚಿಕೊಂಡಿದ್ದೇನೆ.

ಪರಮೇಶ್ ಪ್ರೆಸ್ಸಿನವರ ಹತ್ತಿರ ಒಂದು ತಿಂಗಳು ಹೆಚ್ಚಿಗೆ ಕೇಳಿದ್ದಾನೆ. ಬರೀ ನಾಲ್ಕು ಸಾಲಾದರೂ ಸಾಕು.

ನಂಜಿ

———

ಹುಬ್ಬಳ್ಳಿ
5 ನವೆಂಬರ್ 2024

ನಂಜಿ,

ನೀನು ಒರಟಾಗಿ ಬರೆದಿಲ್ಲ. ಉತ್ತರ ಬರೆಯಲು ಆಗದೆ ಇದ್ದದ್ದಕ್ಕೆ ಬೇರೆ ಕಾರಣವಿದೆ. ಅದನ್ನು ಹೇಳದೆ ಇದ್ದರೆ ಮೇಷ್ಟ್ರ ಹೆಸರಿಲ್ಲದೆ ಪುಸ್ತಕ ಅಚ್ಚಾಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಮೂಕರ್ಜಿ ಮೇಷ್ಟ್ರು ಬರೆದದ್ದಲ್ಲ. ನಮ್ಮಪ್ಪ ಬರೆದದ್ದು.

ನಿನಗೆ ನಮ್ಮಪ್ಪ ಗುರುಸಿದ್ದಪ್ಪನವರ ಸ್ವಭಾವ ಗೊತ್ತು. ಪೇಟೆಯಲ್ಲಿ ಬಟ್ಟೆ ಅಂಗಡಿಯವರ ಮಗಳು ಎಲ್ಲದರಲ್ಲೂ ಮೊದಲು ಬರಬೇಕು. ಪ್ರತಿ ಸಲ ನಾನು ಎರಡನೆಯವಳಾಗಿ ಮನೆಗೆ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಅವರು ಹೀಗೆ ಮಾಡಿದ್ದರೆಂದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಅಷ್ಟು ಹೊತ್ತಿಗೆ ನೀನೆಲ್ಲೋ, ನಾನೆಲ್ಲೋ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ಪರವಾಗಿ ನಾನು ನಿನ್ನ ಕ್ಷಮೆ ಕೇಳುತ್ತೇನೆ.

ಮೇಷ್ಟ್ರ ಹೆಸರನ್ನು ಸೇರಿಸು. ನನ್ನದನ್ನು ತೆಗೆ.

ಲತಾ

———

ಹರದನಹಳ್ಳಿ
16 ನವೆಂಬರ್ 2024

ಲತಾ,

ನಿನ್ನ ಕಾಗದ ಬಂದ ದಿನ ಬಟವಾಡೆಗೆ ಹೋಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಜ್ವರ ಬಂದಾಗಲೂ ಹೋಗಿದ್ದೆ.

ನಿನ್ನ ಮೇಲೆ ಕೋಪವಿಲ್ಲ. ಅಪ್ಪ ಮಾಡಿದ್ದಕ್ಕೆ ಮಗಳೇನು ಮಾಡುತ್ತಾಳೆ? ನಿಮ್ಮಪ್ಪನ ಮೇಲೂ ಇಲ್ಲ, ಬರೆದದ್ದು ಸುಳ್ಳೇನಲ್ಲವಲ್ಲ. ವಯಸ್ಸು ತಪ್ಪಿದ್ದದ್ದು ನಿಜವೇ. ಕೋಪವೆಲ್ಲ ನನ್ನ ಮೇಲೇ ತಿರುಗಿದೆ. ಆ ಕೆಂಪು ಶಾಯಿ ಕಣ್ಣೆದುರಿಗೆ ಬರುತ್ತದೆ. ಮೂರು ಕಾಗದ, ಲತಾ. ಅದರಲ್ಲಿ ಏನಿತ್ತೋ.

ಮಾರನೇ ದಿನವೇ ಪೇಟೆಗೆ ಹೋಗಿ ಪರಮೇಶ್‌ಗೆ ಹೇಳಿ ಮೇಷ್ಟ್ರ ಹೆಸರು ಬರೆಸಿದೆ. ಅವನು ನನ್ನ ಮುಖ ನೋಡಿ ಯಾಕೆ ಅಂತ ಕೇಳಲಿಲ್ಲ.

ಒಂದು ಮಾತು ಮಾತ್ರ ಕೇಳಬೇಕಾಗಿದೆ. ನನ್ನ ವಯಸ್ಸಿನ ವಿಷಯ ನಿಮ್ಮಪ್ಪನಿಗೆ ಹೇಗೆ ಗೊತ್ತಾಯಿತು? ಮೇಷ್ಟ್ರನ್ನು ಬಿಟ್ಟರೆ ನಾನು ಹೇಳಿದ್ದು ನಿನಗೊಬ್ಬಳಿಗೇ, ಹೊಳೆಯ ಮೆಟ್ಟಿಲ ಮೇಲೆ ಕೂತು. ಮತ್ತೆ ಆವತ್ತು ಬಸ್ಸಿನಲ್ಲಿ ನಾನು "ಯಾರ್ ಬರ್ದಿರ್ಬೋದು ಕಣೆ?" ಅಂತ ಅಳುತ್ತಿದ್ದಾಗ, "ಮೇಷ್ಟ್ರೇ ಇರ್ಬೇಕು. ನಮ್ಮಪ್ಪ ತಂಡಕ್ಕೆಲ್ಲ ಬಟ್ಟೆ ಹೊಲಿಸಿ ಕೊಡ್ತೀನಿ ಅಂದಿದ್ರು, ಅದಕ್ಕೆ ನನ್ನ ಗೆಲ್ಲಿಸೋಕೆ ಹಿಂಗ್ ಮಾಡವ್ರೆ" ಅಂದವಳು ನೀನು. ಮೇಷ್ಟ್ರ ಹೆಸರು ನನ್ನ ಬಾಯಿಗೆ ಅದಕ್ಕೆ ಮುಂಚೆ ಬಂದಿರಲೇ ಇಲ್ಲ.

ಅದು ಹೇಳುವಾಗ ನಿನಗೆ ಏನು ಗೊತ್ತಿತ್ತು?

ನಂಜಿ

———

ಹುಬ್ಬಳ್ಳಿ
1 ಡಿಸೆಂಬರ್ 2024

ನಂಜಿ,

ಎಲ್ಲ ಗೊತ್ತಿತ್ತು.

ಅರ್ಜಿ ಬರೆದವಳು ನಾನು. ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆಂದು ಬರೆಯಲು ಈಗಲೂ ಕೈ ಎಳೆಯುತ್ತದೆ. ಇಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಸತ್ತ ಅಪ್ಪನ ತಲೆಗೆ ಕಟ್ಟಿದರೆ ಕೇಳುವವರಿಲ್ಲವೆಂದು ಹಾಗೆ ಬರೆದೆ. ನಾನು ಎರಡನೆಯವಳಾಗಿ ಬಂದಾಗ ಅವರು ಬೇಜಾರು ಮಾಡಿಕೊಳ್ಳುತ್ತಿದ್ದರೆಂಬುದೂ ಸುಳ್ಳು. "ಎರಡ್ನೇದು ಅಂದ್ರೆ ಕಮ್ಮಿನಾ?" ಎಂದು ಬೆಲ್ಲ ಕೊಡುತ್ತಿದ್ದರು. ಬೇಜಾರಾಗುತ್ತಿದ್ದದ್ದು ನನಗೆ.

ಮೂರು ವರ್ಷ ನಿನ್ನ ಬೆನ್ನು ನೋಡಿಕೊಂಡು ಓಡಿದೆ. ನೀನು ಬರಿಗಾಲಲ್ಲಿ, ನಾನು ಶೂ ಹಾಕಿಕೊಂಡು. ಕೊನೆಯ ತಿರುವಿನಲ್ಲಿ ಪ್ರತಿ ಸಲ ಹತ್ತಿರ ಬರುತ್ತಿದ್ದೆ, ಪ್ರತಿ ಸಲ ನೀನು ಹಿಂದೆ ನೋಡದೆಯೇ ದೂರ ಹೋಗುತ್ತಿದ್ದೆ. ನೀನು ಮೆಟ್ಟಿಲ ಮೇಲೆ ಆ ವಿಷಯ ಹೇಳಿದ ಸಂಜೆ ನನಗೆ ಮೊದಲು ಅನ್ನಿಸಿದ್ದು, ಹಾಗಾದರೆ ಇವಳು ಗೆದ್ದದ್ದು ಗೆದ್ದದ್ದಲ್ಲ ಎಂದು. ನೋಟ್‌ಬುಕ್ಕಿನ ಹಾಳೆ ಹರಿದು, ಅಕ್ಷರವನ್ನು ನೆಟ್ಟಗೆ ಮಾಡಿ ಬರೆದು ಹಾಸನದ ಕಚೇರಿಯ ವಿಳಾಸಕ್ಕೆ ಹಾಕಿದೆ. ಇಷ್ಟು ವರ್ಷ ಒಂದೇ ಮಾತು ಹೇಳಿಕೊಂಡು ಬದುಕಿದ್ದೇನೆ: ನಾನು ಬರೆದದ್ದು ನಿಜವನ್ನೇ ಅಲ್ಲವೇ?

ಆದರೆ ಬಸ್ಸಿನಲ್ಲಿ ಹೇಳಿದ್ದು ನಿಜವಲ್ಲ. ನೀನು ಅಳುತ್ತಾ ಒಬ್ಬೊಬ್ಬರ ಹೆಸರು ಹೇಳುತ್ತಿದ್ದೆ. ನನ್ನ ಹೆಸರಿಗೆ ಬರುತ್ತೀಯೇನೋ ಎಂದು ಹೆದರಿದೆ. ಮುಂದಿನ ಸೀಟಿನಲ್ಲಿ ಮೇಷ್ಟ್ರು ಕೂತಿದ್ದರು. ಬಾಯಿಗೆ ಸಿಕ್ಕಿದ್ದು ಅವರೇ.

ಇನ್ನೊಂದು. ಮೈದಾನದಲ್ಲಿ ಅವರು "ಗೊತ್ತಿತ್ತು ಸಾ" ಎಂದದ್ದನ್ನು ಮಾತ್ರ ನೀನು ಕೇಳಿಸಿಕೊಂಡೆ. ನೀನು ಓಡಿಹೋದ ಮೇಲೆ ಇನ್ನೂ ಒಂದು ಮಾತು ಹೇಳಿದರು. "ತಪ್ಪು ನಂದು ಸಾ, ಮಗೀದಲ್ಲ. ಅದ್ನ ಓಡಕ್ ಬುಡಿ, ಬೇಕಾರೆ ನನ್ನ ಕೆಲ್ಸ ತಗೀರಿ" ಎಂದರು. ನಾನು ಪಕ್ಕದಲ್ಲೇ ನಿಂತು ಕೇಳಿದೆ. ಆಮೇಲೆ ಗೆರೆಯ ಮೇಲೆ ಹೋಗಿ ನಿಂತು, ಓಡಿ, ಗೆದ್ದೆ. ಅವರನ್ನು ಸಸ್ಪೆಂಡ್ ಮಾಡಿ, ಆಮೇಲೆ ಸಕಲೇಶಪುರದ ಆಚೆ ಯಾವುದೋ ಮೂಲೆಯ ಶಾಲೆಗೆ ಹಾಕಿದರು.

ಇದಕ್ಕೆ ಏನು ಶಿಕ್ಷೆ ಎಂದು ನೀನೇ ಹೇಳು.

ಲತಾ

———

ಹುಬ್ಬಳ್ಳಿ
28 ಡಿಸೆಂಬರ್ 2024

ನಂಜಿ,

ನಿನ್ನ ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಮುಖವೂ ನನಗಿಲ್ಲ. ನನ್ನ ಹೆಸರು ತೆಗೆಯಲು ಪರಮೇಶ್‌ಗೆ ಬರೆದೆ. "ಅಕ್ಕಾ, ಪುಟ ಎಲ್ಲಾ ಅಚ್ಚಾಗಿ ಹೋಗೈತೆ, ನೀವು ಸನ್ಮಾನಕ್ಕೆ ಬರ್ಲೇಬೇಕು" ಎಂದು ಫೋನ್ ಮಾಡಿದ. ಏನು ಮಾಡಲಿ ತಿಳಿಯುತ್ತಿಲ್ಲ.

ಬೈದಾದರೂ ಎರಡು ಸಾಲು ಬರೆ.

ಲತಾ

———

ಹರದನಹಳ್ಳಿ
16 ಜನವರಿ 2025

ಶ್ರೀಮತಿ ಸ್ನೇಹಲತಾ ಅವರಿಗೆ,

ನಿಮ್ಮ ಎರಡೂ ಪತ್ರಗಳು ತಲುಪಿವೆ. ಶಿಕ್ಷೆ ಹೇಳಲು ನಾನು ಯಾರು? ನಾನು ಹಿರೀಸಾವೆಗೆ ಹೋಗಿ ಬಂದ ವಿಷಯ ನಿಮಗೂ ತಿಳಿಯಬೇಕಾದದ್ದು, ಅಷ್ಟಕ್ಕೆ ಬರೆಯುತ್ತಿದ್ದೇನೆ.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಹೋದೆ. ರಸ್ತೆಯಿಂದ ಸ್ವಲ್ಪ ಒಳಗೆ ಹೆಂಚಿನ ಮನೆ. ಮೇಷ್ಟ್ರ ಹೆಂಡತಿ ಚಿಕ್ಕತಾಯಮ್ಮ, ಎಂಬತ್ತು ಮುಟ್ಟುತ್ತಿದೆ, ಕಿವಿ ಸ್ವಲ್ಪ ಮಂದ. ಮಗ ನಾಗೇಶ್ ಮನೆಯಲ್ಲೇ ಇದ್ದ. ಹೆಸರು ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಓಡ್ತಿದ್ದ ನಂಜಿನಾ?" ಅಂದರು. ನನ್ನನ್ನು ಹಾಗೆ ಕೇಳಿ ಎಷ್ಟು ವರ್ಷವಾಗಿತ್ತೋ.

ಕಾಗದ ವಾಪಸು ಕಳಿಸಿದವಳು ನಾನೇ ಅಂತ ಹೇಳಿ, ಅದನ್ನು ಇಟ್ಟಿದ್ದಾರೇನೋ ಅಂತ ಕೇಳಿದೆ.

"ಇಲ್ಲವ್ವಾ, ಒಲೆಗಾಕ್ಬುಟ್ರು" ಅಂದರು. "ಏನ್ ಬರ್ದಿದ್ರಿ, ನಂಗಾರ ಓದಿ ಹೇಳಿ ಅಂದೆ. ಅದು ಅವ್ಳಿಗ್ ಬರ್ದಿದ್ದು, ನಿಂಗ್ಯಾಕೆ ಅಂದ್ರು. ಮೂರ್ ಸಲವೂ ಅಂಗೇಯ."

ಆಮೇಲೆ ಧೈರ್ಯ ಮಾಡಿ ಹೇಳಿದೆ. ಅರ್ಜಿ ಬರೆದವರು ಯಾರೆಂದು ನನಗೆ ಈಗ ಗೊತ್ತಾಯಿತು ಅಂತ. ಹೆಸರು ಹೇಳಬೇಕೋ ಬೇಡವೋ ಅಂತ ನಾನು ತಡವರಿಸುತ್ತಿದ್ದರೆ ಆಕೆಯೇ ಅಂದರು: "ಬಟ್ಟೆ ಅಂಗ್ಡಿಯೋರ ಮಗ್ಳು ತಾನೆ?"

ಮೇಷ್ಟ್ರಿಗೆ ಗೊತ್ತಿತ್ತು. ಸಸ್ಪೆಂಡ್ ಮಾಡುವ ಮುಂಚೆ ಕಚೇರಿಯಲ್ಲಿ ಅರ್ಜಿ ತೋರಿಸಿ, ಈ ಅಕ್ಷರ ಯಾರದು ಅಂತ ಕೇಳಿದರಂತೆ. ಆಟದ ಸಾಮಾನಿನ ಪುಸ್ತಕವನ್ನು ವರ್ಷವಿಡೀ ಬರೆಯುತ್ತಿದ್ದವರು ನೀವು. ಎಷ್ಟು ನೆಟ್ಟಗೆ ಮಾಡಿ ಬರೆದರೂ ಅವರಿಗೆ ಗುರುತು ಸಿಗದೆ ಇರುತ್ತದೆಯೇ? "ಗೊತ್ತಿಲ್ಲ ಸಾ" ಅಂತ ಬಂದರಂತೆ. ಮನೆಗೆ ಬಂದು ಹೆಂಡತಿಗೆ ಮಾತ್ರ ಹೇಳಿದರು. ಯಾಕೆ ಮುಚ್ಚಿಟ್ಟಿರಿ ಅಂತ ಆಕೆ ಜಗಳ ಮಾಡಿದ್ದಕ್ಕೆ, "ಒಬ್ಳುದ್ ಓಟ ನಿಂತೋಯ್ತು. ಯೋಳ್ಬುಟ್ರೆ ಇನ್ನೊಬ್ಳುದೂ ನಿಂತೋಯ್ತದೆ. ಇಬ್ರಲ್ಲಿ ಒಬ್ಳಾರ ಓಡ್ಲಿ ಬುಡು" ಅಂದರಂತೆ.

ನಾಗೇಶ್ ಬಾಗಿಲ ಹತ್ತಿರ ನಿಂತು ಎಲ್ಲ ಕೇಳುತ್ತಿದ್ದ. ಅವನಿಗೂ ಇದು ಹೊಸದು. "ನಾವು ಆ ಕಾಡ್ನಲ್ಲಿ ಆರ್ ವರ್ಷ ಇದ್ದಿದ್ದು ಇದ್ಕಾ?" ಅಂದ.

ಇಷ್ಟೇ ವಿಷಯ. ಸಮಾರಂಭಕ್ಕೆ ಬರಲು ಚಿಕ್ಕತಾಯಮ್ಮನವರನ್ನು ಒಪ್ಪಿಸಿದ್ದೇನೆ.

ಇತಿ,
ನಂಜಮ್ಮ

———

ಹುಬ್ಬಳ್ಳಿ
25 ಜನವರಿ 2025

ನಂಜಿ,

ನೀನು ಬಹುವಚನದಲ್ಲಿ ಬರೆದರೂ ನಾನು ಹೀಗೆಯೇ ಬರೆಯುತ್ತೇನೆ, ಬೇರೆ ಬರುವುದಿಲ್ಲ.

ಮೇಷ್ಟ್ರಿಗೆ ಗೊತ್ತಿತ್ತು ಎನ್ನುವ ಸಾಲು ಓದಿದ ಮೇಲೆ ಈ ವಾರ ಮೈದಾನಕ್ಕೆ ಹೋಗಿಲ್ಲ. ಮಕ್ಕಳು ಬಂದು ಕೇಳಿದರು, ಹುಷಾರಿಲ್ಲವೆಂದೆ. ಮೇಷ್ಟ್ರು ನನ್ನನ್ನು ಕ್ಷಮಿಸದೆ ಇದ್ದಿದ್ದರೆ ಇಷ್ಟು ಭಾರ ಇರುತ್ತಿರಲಿಲ್ಲ.

ಸಮಾರಂಭಕ್ಕೆ ಬರುತ್ತೇನೆ. ಸನ್ಮಾನಕ್ಕಲ್ಲ. ಮೈಕಿನ ಮುಂದೆ ನಿಂತು ಎಲ್ಲರೆದುರು ನಿಜ ಹೇಳುತ್ತೇನೆ. ಅವರ ಹೆಸರಿಗೆ ನಾನು ಹಚ್ಚಿದ್ದನ್ನು ನಾನೇ ತೊಳೆಯುತ್ತೇನೆ. ಚಿಕ್ಕತಾಯಮ್ಮನವರು ಮುಂದಿನ ಸಾಲಿನಲ್ಲಿ ಕೂರಲಿ, ಅವರು ಕೇಳಬೇಕು.

ಲತಾ

———

ಹರದನಹಳ್ಳಿ
13 ಫೆಬ್ರವರಿ 2025

ಲತಾ,

ಬಹುವಚನದಲ್ಲಿ ಶುರು ಮಾಡಿದರೆ ಹೇಳಬೇಕಾದದ್ದು ಬರುವುದಿಲ್ಲ, ಅದಕ್ಕೆ ಹೀಗೆ.

ನೀನು ವೇದಿಕೆಯ ಮೇಲೆ ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚುಕಮ್ಮಿ ಇರಲಿಲ್ಲ. ಅಪ್ಪನನ್ನು ಎಳೆಯಲಿಲ್ಲ, ಬಸ್ಸಿನ ಮಾತನ್ನೂ ಬಿಡಲಿಲ್ಲ. ನನ್ನ ಹೆಸರು ಹೇಳಿ ಕೈಮುಗಿದೆ. ಮೇಷ್ಟ್ರ ಹೆಸರು ಹೇಳಿ ಅತ್ತೆ. ಹೇಳುವುದಕ್ಕೆ ಗುಂಡಿಗೆ ಬೇಕು. ಇದ್ದದ್ದನ್ನು ಇದ್ದ ಹಾಗೆ ಒಪ್ಪುತ್ತೇನೆ.

ಆಮೇಲೆ ಆದದ್ದು ನೋಡಿದೆಯಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಜಡ್ಜು ಬಂದು ನಿನ್ನ ಕೈ ಹಿಡಿದು, ಇಂಥ ದೊಡ್ಡ ಮನಸ್ಸು ನಾನು ಕಂಡಿಲ್ಲ ಅಂದರು. ಪರಮೇಶ್ ಇನ್ನೊಂದು ಶಾಲು ತಂದು ಹೊದಿಸಿದ. ಫೋಟೋದವರು ಸುತ್ತುಗಟ್ಟಿದರು. ಮಾರನೇ ದಿನದ ಪೇಪರಿನಲ್ಲಿ 'ನಾಲ್ಕು ದಶಕದ ಬಳಿಕ ಸತ್ಯ ನುಡಿದ ಓಟಗಾರ್ತಿ' ಅಂತ ನಿನ್ನ ಫೋಟೋ. ಮೇಷ್ಟ್ರ ಹೆಸರು ಐದನೇ ಸಾಲಿನಲ್ಲಿ ಇತ್ತು, ಅದೂ 'ದೊಡ್ಡಣ್ಣ' ಅಂತ ತಪ್ಪಾಗಿ. ಅದು ನಿನ್ನ ತಪ್ಪಲ್ಲ, ಗೊತ್ತು.

ನಾನು ಮತ್ತೆ ನಾಗೇಶ್ ಸೇರಿ ಚಿಕ್ಕತಾಯಮ್ಮನವರನ್ನು ಸಂಜೆ ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ಚನ್ನರಾಯಪಟ್ಟಣ ದಾಟುವವರೆಗೂ ಆಕೆ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಆಯಮ್ಮ ಅತ್ಲಲ್ಲ, ಏನಂತ?"

"ತಪ್ಪಾಯ್ತು ಅಂತ ಕೇಳುದ್ಲು ಕಣವ್ವಾ."

"ಯಾರ್ನ ಕೇಳುದ್ಲು?"

"ಎಲ್ರನ್ನೂವೆ."

ಆಕೆ ಅಂದರು: "ಎಲ್ರನ್ನೂ ಕೇಳುದ್ರೆ ಯಾರ್ನೂ ಕೇಳ್ದಂಗಲ್ವಾ? ನಾನು ಮುಂದ್ಗಡೆ ಕುರ್ಚಿಲೇ ಕುಂತಿದ್ನಲ್ಲವ್ವಾ."

ನೀನು ಕೆಳಗೆ ಇಳಿದು ಬರುತ್ತೀಯೆಂದು ಆಕೆ ಕಾಯುತ್ತಿದ್ದರು, ಲತಾ. ಎರಡು ಸಲ ಸೆರಗು ಸರಿಮಾಡಿಕೊಂಡರು. ನೀನು ಟಿವಿಯವರ ಜೊತೆ ಮಾತಾಡುತ್ತಾ ಹಿಂದಿನ ಬಾಗಿಲಿನಿಂದ ಕಾರು ಹತ್ತಿದೆ. ಜನ ತಳ್ಳಿಕೊಂಡು ಹೋದರು ಅನ್ನುತ್ತೀಯೆ. ಇರಬಹುದು. ಆದರೆ ನೀನು ಆವತ್ತು ಹುಬ್ಬಳ್ಳಿಗಲ್ಲ, ಟಿವಿಯವರ ಜೊತೆ ಬೆಂಗಳೂರಿಗೆ ಹೋದೆಯಂತೆ, ಆ ದಾರಿ ಹಿರೀಸಾವೆಯ ಮೇಲೇ ಹೋಗುತ್ತದೆ.

ನಿನ್ನನ್ನು ಕ್ಷಮಿಸಿದ್ದೇನೆ ಅಂತ ಬರೆಯಲು ಕೂತೆ. ಆಗಲಿಲ್ಲ. ನನ್ನ ಓಟದ ಮಟ್ಟಿಗೆ ಬೇಕಾದರೆ ಬರೆದೇನು, ಅದು ಮುಗಿದ ಕಥೆ. ಮೇಷ್ಟ್ರ ವಿಷಯದಲ್ಲಿ ನಿನ್ನನ್ನು ಕ್ಷಮಿಸುವ ಜಾಗದಲ್ಲಿ ನಾನಿಲ್ಲ. ಕೈಕಟ್ಟಿಕೊಂಡು ನಿನ್ನ ಪಕ್ಕದಲ್ಲೇ ನಿಲ್ಲಬೇಕಾದವಳು ನಾನು. ನೀನು ಒಂದು ಸುಳ್ಳು ಹೇಳಿದೆ, ಸರಿ. ಅದನ್ನು ಮೂವತ್ತೊಂಬತ್ತು ವರ್ಷ ನಂಬಿ ಸಾಕಿದವಳು ನಾನು. ಒಂದು ಸಲ, ಒಂದೇ ಒಂದು ಸಲ ಒಡೆದು ಓದಿದ್ದರೆ ಸಾಕಿತ್ತು.

ಹಿರೀಸಾವೆಗೆ ನಾನು ಇನ್ನು ಮೇಲೆ ತಿಂಗಳಿಗೊಮ್ಮೆ ಹೋಗುತ್ತೇನೆ. ಅದನ್ನು ನಿನಗೆ ಹೇಳಿ ಆಗಬೇಕಾದ್ದೇನಿಲ್ಲ, ಆದರೂ ಬರೆದೆ.

ನಂಜಮ್ಮ

———

ಹುಬ್ಬಳ್ಳಿ
9 ಮಾರ್ಚ್ 2025

ನಂಜಿ,

ಗುರುವಾರ ಹಿರೀಸಾವೆಗೆ ಹೋಗಿದ್ದೆ. ಹಾಸನದವರೆಗೆ ರೈಲು, ಅಲ್ಲಿಂದ ಬಸ್ಸು. ಯಾರಿಗೂ ಹೇಳಿರಲಿಲ್ಲ. ರಸ್ತೆಯ ಹೋಟೆಲಿನಲ್ಲಿ ಕೇಳಿದ್ದಕ್ಕೆ ಮನೆ ತೋರಿಸಿದರು.

ಚಿಕ್ಕತಾಯಮ್ಮನವರು ಜಗಲಿಯ ಮೇಲೆ ಹುಣಸೆಹಣ್ಣು ಹರವಿಕೊಂಡು ಬೀಜ ಬಿಡಿಸುತ್ತಿದ್ದರು. ನಾಗೇಶ್ ನನ್ನನ್ನು ನೋಡಿದವನೇ ಒಳಗೆ ಹೋದ, ನಾನಿರುವವರೆಗೂ ಈಚೆ ಬರಲಿಲ್ಲ. ಅವನದು ಸರಿ. ನಾನು ಕೆಳಗೆ ಕೂತು, ಕಿವಿಯ ಹತ್ತಿರ ಬಾಗಿ, "ಅಮ್ಮಾ, ಅರ್ಜಿ ಬರೆದವಳು ನಾನು" ಎಂದೆ. ವೇದಿಕೆಯ ಮೇಲೆ ಅರ್ಧ ಗಂಟೆ ಮಾತಾಡಿದವಳಿಗೆ ಅಷ್ಟು ಹೇಳುವುದರೊಳಗೆ ದನಿ ಹೋಗಿತ್ತು.

"ಗೊತ್ತು. ಕುಂತ್ಕೊ" ಎಂದರು. ಆಗಲೇ ಕೂತಿದ್ದೆ.

ಬಹಳ ಹೊತ್ತು ಇಬ್ಬರೂ ಬೀಜ ಬಿಡಿಸಿದೆವು. ಆಮೇಲೆ ಅವರಾಗಿಯೇ ಹೇಳಿದರು. ತೊಂಬತ್ತೆರಡರಲ್ಲೋ ತೊಂಬತ್ತಮೂರರಲ್ಲೋ ಬೆಂಗಳೂರಿನಲ್ಲಿ ನನ್ನ ಓಟವಿದೆಯೆಂದು ಪೇಪರಿನಲ್ಲಿ ಓದಿ ಮೇಷ್ಟ್ರು ಹೋಗಿದ್ದರಂತೆ. ಬೆಳಿಗ್ಗೆಯೇ ಎದ್ದು, ಒಗೆದ ಷರಟು ಹಾಕಿಕೊಂಡು. "ರಾತ್ರಿ ಬಂದು, ಗೆದ್ಲು ಕಣೆ, ಕೊನೇ ತಿರುವ್ನಲ್ಲಿ ಈಗ್ಲೂ ತೋಳು ಅಗ್ಲ ಮಾಡ್ತಾಳೆ, ಯೋಳ್ಕೊಡೋರಿಲ್ಲ ಅಂದ್ರು. ಮಾತಾಡ್ಸಿದ್ರಾ ಅಂದೆ. ಇಲ್ಲ, ಹಿಂದ್ಗಡೆ ಕುಂತ್ಕಂಡಿದ್ದೆ, ನನ್ ಕಂಡ್ರೆ ಮಗು ಎದುರ್ಕತದೆ ಅಂದ್ರು."

ನಿಜ, ನಂಜಿ. ಕಂಡಿದ್ದರೆ ಹೆದರುತ್ತಿದ್ದೆ.

ನಾನು ಅವರ ಕಾಲು ಹಿಡಿದುಕೊಂಡೆ. ಅವರು ಎಬ್ಬಿಸಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದರು:

"ಅವ್ರಿದ್ದಾಗ ಬರ್ಬೇಕಿತ್ತು ಕಣವ್ವಾ."

ಆಮೇಲೆ ಒಳಗೆ ಹೋಗಿ ತಟ್ಟೆ ಇಟ್ಟರು. ಮುದ್ದೆ, ಹುರುಳಿಕಾಳಿನ ಸಾರು. ಬೇಡವೆನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಕೂತು ಊಟ ಮಾಡಿದೆ.

ಲತಾ